ಮಳೆಗೆ ಮುಂಚೆ ಮಣ್ಣು ಕದ್ದವರು

"ಏನಮ್ಮಾ, ಹೊರಗೆ ಬರ್ತೀಯೋ, ಇಲ್ಲಾ ನಿನ್ನನ್ನೂ ಸೇರಿಸ್ಕೊಂಡು ಗಾಡಿ ತೆಗೀಲೋ?"

ಲಾರಿ ಡ್ರೈವರ್ ಇಳಿದು ಬಂದು ಬಗ್ಗಿ ನೋಡಿದ. ಚಕ್ರಗಳ ನಡುವಿನಿಂದ ಕ್ಯಾನ್ವಾಸ್ ಬೂಟು ಹಾಕಿದ ಎರಡು ಕಾಲು ಮಾತ್ರ ರಸ್ತೆಗೆ ಚಾಚಿಕೊಂಡಿದ್ದವು. ಉಳಿದ ಭಾಗವೆಲ್ಲ ಲಾರಿಯ ಹೊಟ್ಟೆಯ ಕೆಳಗಿತ್ತು.

"ಒಂದೇ ನಿಮಿಷ ಕಣಪ್ಪಾ. ನಿನ್ನ ಗಾಡಿ ಹೋದ ಮಳೆಗೆ ಮುಂಚೇನೇ ಇಲ್ಲಿ ನಿಂತಿತ್ತು, ಅಲ್ವಾ?"

"ಮುಂಚೇನೇ. ಆಕ್ಸಲ್ ಮುರೀತು, ಬೇರೆ ಬರೋ ತನಕ ಅಲ್ಲಾಡಿಲ್ಲ. ಯಾಕೆ, ಜಾಗದ ಬಾಡಿಗೆ ಕೇಳೋಕೆ ಬಂದ್ಯಾ?"

"ಬಾಡಿಗೆನಾ? ನಿನ್ನ ಆಕ್ಸಲ್ ಮುರಿದಿದ್ದಕ್ಕೆ ನಾನೇ ನಿನಗೆ ಟೀ ಕೊಡಿಸ್ತೀನಿ."

ಡ್ರೈವರ್ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಆಸಾಮಿಯ ಮುಖ ನೋಡಿದ. "ಇವರಿಗೆ ಹುಷಾರಿದೆ ತಾನೇ?"

"ನಮ್ಮತ್ತಿಗೆ," ಎಂದ ಆಸಾಮಿ, ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ ಎನ್ನುವ ಹಾಗೆ. "ಬೇರೆಯೋರು ಚಿನ್ನ ಕಳೆದ್ರೆ ಹುಡುಕ್ತಾರೆ. ಇವರು ಮಣ್ಣು ಕಳೆದ್ರೆ ಹುಡುಕ್ತಾರೆ."

ಮಾತು ಸುಳ್ಳಲ್ಲ. ಈ ಲಾರಿ ಸ್ಟ್ಯಾಂಡ್ ರಸ್ತೆಯಲ್ಲಿ ಇತ್ತೀಚೆಗೆ ಪ್ರತಿ ಮಳೆಗೂ ಸ್ವಲ್ಪ ಮುಂಚೆ ಯಾರೋ ಮಣ್ಣು ಕದಿಯುತ್ತಿದ್ದರು.

ಲಾರಿಯ ಕೆಳಗಿದ್ದವಳು ಜರಡಿಯಕ್ಕ. ರಸ್ತೆಯ ಮೇಲೆ ಹರಿದ ಮಳೆನೀರು ಕೆರೆಗೆ ಬೀಳುವ ಮುನ್ನ ಅದರ ಕೊಳೆ ಹಿಡಿದಿಟ್ಟುಕೊಳ್ಳುವ ಯಂತ್ರಗಳಿವೆಯಲ್ಲ, ಅವು ಹೇಳಿದಷ್ಟು ಕೆಲಸ ಮಾಡುತ್ತವೋ ಇಲ್ಲವೋ ಎಂದು ಪರೀಕ್ಷಿಸಿ ರುಜು ಹಾಕುವುದು ಅವಳ ಕಸುಬು. ಯಂತ್ರ ಮಾಡಿದವರ ಕಡೆಯೂ ಅಲ್ಲ, ಕೊಳ್ಳುವವರ ಕಡೆಯೂ ಅಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಜರಡಿಗೆ ಹಾಕಿ ಅಲ್ಲಾಡಿಸದೆ ನಂಬುವವಳಲ್ಲವಾದ್ದರಿಂದ ಆ ಹೆಸರು ಬಂದಿತ್ತು. ಚೀಲ ಹಿಡಿದವನು ಅವಳ ಗಂಡನ ತಮ್ಮ. ಮೋಡ ನೋಡುವುದು, ವ್ಯಾನು ಓಡಿಸುವುದು, ಅತ್ತಿಗೆಯ ಹಿಂದೆ ನಿಂತು ಜನರಿಗೆ ಸಮಾಧಾನ ಹೇಳುವುದು ಅವನ ಪಾಲಿಗೆ ಬಂದ ಕೆಲಸ.

"ಬಾ ಇಲ್ಲಿ, ತಲೆ ಹಾಕು," ಎಂದಳು ಜರಡಿಯಕ್ಕ ಕೆಳಗಿಂದ.

"ಅತ್ತಿಗೆ, ನನ್ನ ಶರ್ಟು ಹೊಸದು."

"ಹಳೇದಾಗತ್ತೆ. ಬಾ."

ಮೈದುನ ನಿಟ್ಟುಸಿರು ಬಿಟ್ಟು ಮಂಡಿಯೂರಿ ಕೆಳಗೆ ತೂರಿದ. ಅಕ್ಕ ಟಾರ್ಚ್ ಬೆಳಕನ್ನು ಡಾಂಬರಿಗೆ ತಾಕುವಂತೆ ಅಡ್ಡಡ್ಡ ಹಿಡಿದಳು. ಮಳೆ ತಾಕದ ಆ ಜಾಗದಲ್ಲಿ ಕಪ್ಪು ದೂಳಿನ ಮೇಲೆ ಬಾಚಣಿಗೆಯಿಂದ ಎಳೆದಂತೆ ಗೀರುಗಳು ಎದ್ದು ಕಂಡವು.

"ಪೊರಕೆ!" ಎಂದ ಮೈದುನ.

"ಪೊರಕೆ ಅಂತ ನನಗೂ ಗೊತ್ತು. ಎಂಥಾ ಪೊರಕೆ?"

"ಗುಡಿಸೋ ಪೊರಕೆ."

"ನಿನ್ನನ್ನ ಕಟ್ಕೊಂಡು ನಾನು ಪತ್ತೇದಾರಿಕೆ ಮಾಡ್ಬೇಕು. ನೋಡು, ನಗರಸಭೆಯೋರ ಪೊರಕೆಗೆ ಉದ್ದ ಕೋಲಿರತ್ತೆ, ನಿಂತು ಗುಡಿಸ್ತಾರೆ. ಗೀರು ನೀಟಾಗಿ ಉದ್ದಕ್ಕೆ ಬೀಳತ್ತೆ, ಲಾರಿ ಅಡ್ಡ ಇದ್ರೆ ಅಲ್ಲಿಗೆ ನಿಲ್ಲತ್ತೆ. ಇದು ಹಾಗಲ್ಲ. ಗೇಣುದ್ದದ ಕಮಾನು, ಒಂದರ ಮೇಲೊಂದು. ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, ಚಕ್ರದ ಸಂದಿಗೂ ಪೊರಕೆ ತೂರಿಸಿದ್ದಾರೆ. ಇದು ಸಂಬಳಕ್ಕೆ ಗುಡಿಸೋ ಕೈ ಅಲ್ಲ ಕಣಯ್ಯ. ಸ್ವಂತ ಅಂಗಳ ಗುಡಿಸೋ ಕೈ."

ಅಕ್ಕ ಬೆರಳಿನಿಂದ ಗೀರಿನ ದಿಕ್ಕನ್ನು ಗಾಳಿಯಲ್ಲೇ ಎಳೆದಳು. ಬಲಗೈಯಿಂದ ಎಳೆದು ನೋಡಿದಳು, ಹೊಂದಲಿಲ್ಲ. ಎಡಗೈಗೆ ಬದಲಾಯಿಸಿದಳು. ಹೇಳಿ ಮಾಡಿಸಿದಂತೆ ಕೂತಿತು.

"ಎಡಚ," ಎಂದಳು. "ಅಥವಾ ಎಡಚಿ."

ಇಬ್ಬರೂ ಹೊರಗೆ ಬಂದರು. ಡ್ರೈವರ್ ಲಾರಿ ಚಾಲೂ ಮಾಡಿ, ಹಾರ್ನು ಬಾರಿಸಿ, ಸಾಕ್ಷ್ಯವನ್ನೆಲ್ಲ ಚಕ್ರದಡಿ ಅರೆಯುತ್ತಾ ಹೊರಟುಹೋದ.

ರಸ್ತೆ ಇಳಿಜಾರು. ಮೇಲ್ತುದಿಯಲ್ಲಿ ವರ್ಕ್‌ಶಾಪು, ನಡುವೆ ಲಾರಿಗಳು, ಕೆಳತುದಿಯಲ್ಲಿ ಮೋರಿಯ ಕಬ್ಬಿಣದ ಜಾಲರಿ. ಆ ಜಾಲರಿಯ ಕೆಳಗೆ ನೆಲದಲ್ಲಿ ಹೂತಿದ್ದೇ ಪರೀಕ್ಷೆಗೆ ನಿಂತ ಯಂತ್ರ. ಅದರ ಒಳಬಾಯಿಗೊಂದು, ಹೊರಬಾಯಿಗೊಂದು ಬೀಗ ಹಾಕಿದ ಸ್ಯಾಂಪಲ್ ಪೆಟ್ಟಿಗೆ. ಮಳೆ ಬಂದ ಕೂಡಲೇ ಪೆಟ್ಟಿಗೆಯೊಳಗಿನ ಪುಟ್ಟ ಪಂಪು ತಾನಾಗಿ ಎದ್ದು, ಸ್ವಲ್ಪ ಸ್ವಲ್ಪ ನೀರು ಎಳೆದು ಬಾಟಲಿ ತುಂಬುತ್ತದೆ. ಒಳಗೆ ಹೋದ ನೀರಲ್ಲಿ ಎಷ್ಟು ಮಣ್ಣಿತ್ತು, ಹೊರಗೆ ಬಂದದ್ದರಲ್ಲಿ ಎಷ್ಟು ಉಳಿಯಿತು ಎಂದು ಒಣಗಿಸಿ ತೂಗಿದರೆ ಯಂತ್ರದ ಯೋಗ್ಯತೆ ಗೊತ್ತಾಗುತ್ತದೆ.

ಆದರೆ ಒಳಗೆ ಹೋಗುವ ನೀರೇ ತಿಳಿಯಾಗಿದ್ದರೆ?

ತಟ್ಟೆಗೆ ಬಡಿಸದೆ, ಎಷ್ಟು ಉಣ್ಣುತ್ತಾನೆ ಎಂದು ಅಳೆಯುವುದು ಹೇಗೆ? ಅದಕ್ಕೇ ನಿಯಮವಿತ್ತು. ಬರುವ ನೀರಿನಲ್ಲಿ ಇಷ್ಟಾದರೂ ಕೊಳೆ ಇರಬೇಕು, ಇಲ್ಲವಾದರೆ ಆ ಮಳೆ ಲೆಕ್ಕಕ್ಕಿಲ್ಲ. ಈ ರಸ್ತೆಯಲ್ಲಿ ಒಂದರ ಮೇಲೊಂದು ಮಳೆ ಹೀಗೆ ಲೆಕ್ಕಕ್ಕಿಲ್ಲದೆ ಹೋಗಿತ್ತು. ಪರೀಕ್ಷೆ ಮುಗಿಯಲು ಬೇಕಿದ್ದದ್ದು ಇನ್ನೊಂದೇ ಒಂದು ಒಳ್ಳೆಯ ಮಳೆ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಅದರ ಜೊತೆಗೇ ಪರೀಕ್ಷೆಯ ಗಡುವೂ ಮುಗಿಯುತ್ತದೆ. ಆಮೇಲೆ ಯಂತ್ರದ ಹೆಸರಿನ ಮುಂದೆ 'ಸಾಬೀತಾಗಿಲ್ಲ' ಎಂದು ಬೀಳುತ್ತದೆ, ಊರಿನ ಮೋರಿಗಳೆಲ್ಲ ಇನ್ನೊಂದು ಕಂಪನಿಗೆ ಹೋಗುತ್ತವೆ, ಯಂತ್ರ ಮಾಡಿದ ಮೇಲ್ತುದಿಯ ವರ್ಕ್‌ಶಾಪು ಬಾಗಿಲು ಎಳೆಯುತ್ತದೆ.

"ಮೋಡ ಏನನ್ನತ್ತೆ?" ಅಕ್ಕ ಕೇಳಿದಳು.

ಮೈದುನ ಮೊದಲು ಆಕಾಶ ನೋಡಿದ, ಆಮೇಲೆ ಮೊಬೈಲ್ ನೋಡಿದ. "ಬರತ್ತೆ. ಮಧ್ಯಾಹ್ನದ ಊಟಕ್ಕೆ ಮುಂಚೇನೇ. ಇದೇ ಕೊನೇದು ಅನ್ಸತ್ತೆ ಅತ್ತಿಗೆ, ಇದಾದ್ಮೇಲೆ ಬರೀ ಬಿಸಿಲು."

ಅಕ್ಕ ರಸ್ತೆಯತ್ತ ಕಣ್ಣಾಡಿಸಿದಳು. ಹೋದ ಮಳೆಯಾದ ಮೇಲೆ ಲಾರಿಗಳು ಮನಸ್ಸಿಟ್ಟು ಓಡಾಡಿದ್ದವು. ಟೈರಿನ ಕರಿ ಪುಡಿ, ಎಣ್ಣೆ ಕುಡಿದ ದೂಳು, ತರಗೆಲೆ, ಬ್ರೇಕು ಸವೆದ ಬೂದಿ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಆ ಗಲೀಜನ್ನು ಕಂಡು ಅವಳ ಕಣ್ಣು ತುಂಬಿಬಂತು.

"ಎಷ್ಟು ಚೆನ್ನಾಗಿದೆ," ಎಂದಳು.

"ಫೋಟೋ ತೆಗೆದು ಮನೇಲಿ ಹಾಕ್ಸೋಣ್ವಾ?"

"ನೀನು ಹೋಗಿ ಪೆಟ್ಟಿಗೆ ಬ್ಯಾಟರಿ ನೋಡು. ಜಾಲರಿ ಹತ್ರಾನೇ ಇರು. ಪೊರಕೆ ಹಿಡಿದ ನೊಣ ಬಂದ್ರೂ ಬಿಡ್ಬೇಡ."

ಟೀ ಅಂಗಡಿಯ ಮುಂದೆ ಒಬ್ಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೋಡ ಕವಿದರೂ ಕಪ್ಪು ಕನ್ನಡಕ ತೆಗೆಯದ ಅವನನ್ನು ರಸ್ತೆಯವರು ಕೂಲಿಂಗ್ ಗ್ಲಾಸ್ ಎಂದೇ ಕರೆಯುತ್ತಿದ್ದರು. ಆ ಇನ್ನೊಂದು ಕಂಪನಿಯ ಏಜೆಂಟ್.

"ಏನ್ ಮೇಡಂ, ಲಾರಿ ಕೆಳಗೂ ಟೆಸ್ಟಿಂಗಾ?"

"ನಿಮ್ಮ ಪ್ಯಾಂಟು ಇಷ್ಟು ಬಿಗಿ ಇಲ್ದಿದ್ರೆ ನಿಮ್ಮನ್ನೂ ಕರೀತಿದ್ದೆ."

"ನಮ್ಮದು ಆಗ್ಲೇ ಟೆಸ್ಟ್ ಆಗಿರೋ ಮಾಲು ಮೇಡಂ. ನಾವು ಬಗ್ಗೋ ಪ್ರಮೇಯಾನೇ ಬರಲ್ಲ." ಅವನು ನಗುತ್ತಾ ಟೀ ಲೋಟ ಎತ್ತಿದ. ಬಲಗೈಯಲ್ಲಿ.

ಜರಡಿಯಕ್ಕ ಆ ಕೈ ನೋಡಿದಳು, ಪ್ಯಾಂಟು ನೋಡಿದಳು. ಈ ಪ್ಯಾಂಟಿನಲ್ಲಿ ಕುಕ್ಕರಗಾಲಲ್ಲಿ ಕೂರುವುದೆಂದರೆ ಹೊಲಿಗೆಯವನ ಮನೆಗೆ ಹೋಗುವ ಕೆಲಸ. ಗುಡಿಸಿದವನು ಇವನಲ್ಲ. ಹಾಗಾದರೆ ಗುಡಿಸಿದವರು ಯಾರು? ಅದಕ್ಕಿಂತ ಮುಖ್ಯವಾಗಿ, ಗುಡಿಸಿದ ಮಣ್ಣು ಎಲ್ಲಿ?

ಕದ್ದ ಮಾಲು ಎಲ್ಲೋ ಒಂದು ಕಡೆ ಇರಲೇಬೇಕು. ಒಡವೆಯಾದರೆ ಬಚ್ಚಿಡಬಹುದು, ಕರಗಿಸಬಹುದು. ಒಂದು ರಸ್ತೆಯ ಮಣ್ಣನ್ನು ಯಾವ ಬೀರುವಿನಲ್ಲಿ ಇಡುತ್ತೀರಿ?

ಎರಡೂ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಅದೇ ಒಳ್ಳೆಯ ನೆಪವಾಯಿತು. ಜರಡಿಯಕ್ಕ ಏರು ಹತ್ತಿ ವರ್ಕ್‌ಶಾಪಿನ ಗೇಟು ತಳ್ಳಿದಳು.

ಒಳಗೆ ಲೇತು ಕಿರ್ರೆನ್ನುತ್ತಿತ್ತು. ಯಂತ್ರ ಕಂಡುಹಿಡಿದ ಪಂಪ್ ಯಜಮಾನರು ಬೆನ್ನು ಹಾಕಿ ನಿಂತು ಏನನ್ನೋ ಕಡೆಯುತ್ತಿದ್ದರು. ಮೊದಲು ಪಂಪ್ ರಿಪೇರಿ ಮಾಡಿಕೊಂಡು ಸುಖವಾಗಿದ್ದವರು. ಒಂದು ದಿನ ಕೆರೆಯಿಂದ ಎತ್ತಿದ ಪಂಪಿನೊಳಗೆ ಟೈರಿನ ಪುಡಿ ಕಂಡು, ಇದು ಕೆರೆಗೆ ಬರದ ಹಾಗೆ ಮಾಡಿದರೆ ಹೇಗೆ ಎಂದು ಯೋಚಿಸಿ ತಲೆ ಕೆಡಿಸಿಕೊಂಡವರು. ವರ್ಕ್‌ಶಾಪಿಗೆ ಅಂಟಿಕೊಂಡೇ ಮನೆ. ಮನೆಯ ಮುಂದೆ ಒಂದು ತುಂಡು ಅಂಗಳ. ಅಂಗಳದಲ್ಲಿ ಅವರ ಹೆಂಡತಿಯ ತಾಯಿ. ಯಜಮಾನರು ಅತ್ತೆ ಎಂದು ಕರೆಯುವುದು ಕೇಳಿ ಕೇಳಿ, ಇಡೀ ರಸ್ತೆಗೇ ಅವರು ಅತ್ತೆಮ್ಮ ಆಗಿದ್ದರು.

"ನಿಮ್ಮ ಅಳಿಯಂದ್ರನ್ನ ಕರೀಬೇಡಿ ಅಮ್ಮಾ," ಎಂದಳು ಜರಡಿಯಕ್ಕ. "ಕೈ ತೊಳ್ಕೊಂಡು ಹೋಗ್ತೀನಿ."

"ಕರೆದ್ರೆ ತಾನೇ ಬರ್ತಾನಾ ಆ ದಂಡಪಿಂಡ? ಊಟಕ್ಕೆ ಕರೆದ್ರೆ ಬರಲ್ಲ, ನಿನ್ನ ಕೈ ತೊಳೆಸೋಕೆ ಬರ್ತಾನಾ? ಪಂಪ್ ರಿಪೇರಿ ಮಾಡಿದ್ರೆ ರಾಜನ ಹಾಗೆ ಇರಬಹುದಿತ್ತು. ಮೋರಿ ಕಾಯ್ತಾ ಕೂತಿದ್ದಾನೆ." ಅತ್ತೆಮ್ಮ ಒಂದೇ ಉಸಿರಿಗೆ ಅಳಿಯನನ್ನು ಬೈದು ಮುಗಿಸಿ, ತಂಬಿಗೆ ಬಗ್ಗಿಸಿ ನೀರು ಹೊಯ್ದರು. "ಟೀ ಮಾಡ್ಲಾ?"

"ಬೇಡಮ್ಮಾ. ಪರೀಕ್ಷೆ ಮುಗಿಯೋ ತನಕ ನಿಮ್ಮ ಮನೇಲಿ ನಾನು ಏನೂ ಮುಟ್ಟೋ ಹಾಗಿಲ್ಲ."

"ಕೈ ತೊಳೆಯೋ ನೀರಿಗೆ ರೂಲ್ಸ್ ಇಲ್ವಾ?"

"ಕುಡಿಯೋ ನೀರಿಗೆ ಇದೆ."

"ನಿನ್ನನ್ನ ಸೊಸೆ ಮಾಡ್ಕೊಂಡವರು ಪುಣ್ಯವಂತರು ಬಿಡು. ಖರ್ಚೇ ಇಲ್ಲ."

ಅಕ್ಕ ನಕ್ಕಳು. ನಗುತ್ತಲೇ ತಂಬಿಗೆ ಹಿಡಿದ ಕೈ ನೋಡಿದಳು. ಎಡಗೈ.

ನಗು ಹಾಗೇ ಇಟ್ಟುಕೊಂಡು ಕಣ್ಣನ್ನು ಮಾತ್ರ ಕಾಂಪೌಂಡ್ ಗೋಡೆಯ ಕಡೆ ಕಳಿಸಿದಳು. ಗೋಡೆಗೆ ಒರಗಿ ಹೂಕುಂಡಗಳ ಸಾಲು. ಮಣ್ಣಿನ ಕುಂಡಗಳು ಮುಗಿದ ಮೇಲೆ ಪೇಂಟ್ ಡಬ್ಬಿಗಳು, ಡಬ್ಬಿಗಳು ಮುಗಿದ ಮೇಲೆ ಒಡೆದ ಬಕೆಟ್ಟು, ಕೊನೆಯಲ್ಲಿ ಒಂದು ತಗಡಿನ ಬುಟ್ಟಿ. ಎಲ್ಲವೂ ಕಂಠಮಟ್ಟ ತುಂಬಿದ್ದವು. ಗುಲಾಬಿ ಗಿಡಗಳು ಮಾತ್ರ ಹರಳೆಣ್ಣೆ ಕುಡಿದ ಮಕ್ಕಳ ಹಾಗೆ ಮುಖ ಸಿಂಡರಿಸಿಕೊಂಡಿದ್ದವು.

ಜರಡಿಯಕ್ಕ ಸೆರಗಿಗೆ ಕೈ ಒರೆಸಿ, ಜೇಬಿನಂತಿದ್ದ ಸೊಂಟದ ಚೀಲದಿಂದ ಒಂದು ಅಯಸ್ಕಾಂತ ತೆಗೆದಳು. ಹತ್ತಿರದ ಡಬ್ಬಿಯ ಮಣ್ಣಿಗೆ ಅದ್ದಿ ಎತ್ತಿದಳು. ಅಯಸ್ಕಾಂತಕ್ಕೆ ಕರಡಿಯ ಮೈಯಂತೆ ಕಪ್ಪು ತುಪ್ಪಳ ಬೆಳೆದಿತ್ತು.

"ತೋಟದ ಮಣ್ಣಿಗೆ ಹೀಗೆ ಮೀಸೆ ಬರಲ್ಲ ಅಮ್ಮಾ," ಎಂದಳು ಮೆಲ್ಲಗೆ. "ಇದು ಬ್ರೇಕಿನ ಕಬ್ಬಿಣ. ಲಾರಿ ನಿಲ್ಲೋ ಕಡೆ ಮಾತ್ರ ಉದುರತ್ತೆ."

ಅತ್ತೆಮ್ಮನ ಮುಖದ ಬಣ್ಣ ಇಳಿಯಿತು. ಆದರೆ ಬಾಯಿ ಇಳಿಯಲಿಲ್ಲ.

"ಗಿಡಕ್ಕೆ ಮಣ್ಣು ಬೇಕಿತ್ತು, ತಂದೆ. ರಸ್ತೆ ಮಣ್ಣಿಗೂ ಯಜಮಾನ್ರಿದಾರಾ?"

"ಪ್ರತಿ ಮಳೆಗೂ ಮುಂಚೆ ಬೇಕಾಗ್ತಿತ್ತಾ?"

"ಮಳೆ ಬಂದ್ಮೇಲೆ ಕೆಸರಾಗತ್ತಲ್ಲ!"

"ಲಾರಿ ಕೆಳಗೂ ಕೈ ಚಾಚಿ?"

"ಗುಡಿಸೋದು ಅಂದ್ಮೇಲೆ ಮೂಲೆ ಬಿಡೋದು ನನಗೆ ಗೊತ್ತಿಲ್ಲ ಕಣಮ್ಮ. ನಮ್ಮಮ್ಮ ಹಾಗೆ ಬೆಳೆಸಿಲ್ಲ."

ಜರಡಿಯಕ್ಕ ಏನೂ ಹೇಳದೆ ಕಟ್ಟೆಯ ಮೇಲೆ ಕೂತಳು. ಪೊಲೀಸಿನವರು ಗದರಿಸಿ ಬಾಯಿ ಬಿಡಿಸುತ್ತಾರೆ. ಅವಳದು ಬೇರೆ ದಾರಿ. ಎದುರಿಗಿದ್ದವರು ಎಷ್ಟು ಹೊತ್ತು ಸುಮ್ಮನಿರಬಲ್ಲರೋ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಸುಮ್ಮನಿರುವುದು. ಅತ್ತೆಮ್ಮನಂಥವರ ಹತ್ತಿರ ಅದಕ್ಕೆ ಬಹಳ ಹೊತ್ತು ಹಿಡಿಯುವುದಿಲ್ಲ.

ಲೇತಿನ ಸದ್ದು ನಿಂತು, ಮತ್ತೆ ಶುರುವಾಯಿತು. ಅತ್ತೆಮ್ಮ ಒಳಗೆ ಇಣುಕಿ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಹತ್ತಿರ ಬಂದರು.

"ಅವನಿಗೆ ಹೇಳ್ಬೇಡ."

"ಯಾವುದನ್ನ?"

"ನಾನು ಅವನಿಗೋಸ್ಕರ ಗುಡಿಸಿದೆ ಅಂತ. ಎಷ್ಟು ವರ್ಷದಿಂದ ಬೈಕೊಂಡು ಬಂದಿದ್ದೀನಿ. ಈಗ ಇದು ಗೊತ್ತಾದ್ರೆ ನನ್ನ ಮಾತಿಗೆ ಈ ಮನೇಲಿ ಏನು ಬೆಲೆ ಉಳಿಯತ್ತೆ?"

ಜರಡಿಯಕ್ಕ ತುಟಿ ಕಚ್ಚಿ ನಗು ನುಂಗಿದಳು.

"ಅವನು ಊಟ ಬಿಟ್ಟ, ನಿದ್ದೆ ಬಿಟ್ಟ," ಅತ್ತೆಮ್ಮ ಮುಂದುವರಿಸಿದರು. ದನಿ ಸ್ವಲ್ಪ ಒದ್ದೆಯಾಗಿತ್ತು. "ಇವನ ಯಂತ್ರ ನೋಡಿದ್ರೆ ಇಷ್ಟೇ ಇಷ್ಟು. ರಸ್ತೆ ಗಲೀಜು ನೋಡಿದ್ರೆ ಅಷ್ಟೊಂದು. ಒಂದೇ ಸಲಕ್ಕೆ ಅಷ್ಟೂ ನುಗ್ಗಿದ್ರೆ ಯಾವ ಯಂತ್ರ ತಡಕೊಳ್ಳತ್ತೆ ಹೇಳು? ಸ್ವಲ್ಪ ಹಗುರ ಮಾಡೋಣ ಅಂತ ಗುಡಿಸಿದೆ. ನೀರು ತಿಳಿಯಾಗಿ ಹೊರಗೆ ಬಂದ್ರೆ ಪಾಸು ತಾನೇ?"

"ಅಲ್ಲಮ್ಮಾ." ಅಕ್ಕ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿಮ್ಮ ಪಾತ್ರೆ ತಿಕ್ಕೋ ಪುಡಿ ಒಳ್ಳೇದೋ ಕೆಟ್ಟದ್ದೋ ನೋಡ್ಬೇಕು ಅಂದ್ಕೊಳ್ಳಿ. ತೊಳೆದಿಟ್ಟ ಪಾತ್ರೆ ಕೊಟ್ರೆ ಗೊತ್ತಾಗತ್ತಾ? ತಳ ಹಿಡಿದ ಪಾತ್ರೇನೇ ಬೇಕು. ನೀರು ಗಲೀಜಾಗಿ ಒಳಗೆ ಹೋಗಿ, ತಿಳಿಯಾಗಿ ಹೊರಗೆ ಬಂದ್ರೆ ಮಾತ್ರ ಯಂತ್ರದ ಕೈಚಳಕ. ತಿಳಿಯಾಗೇ ಹೋಗಿ ತಿಳಿಯಾಗೇ ಬಂದ್ರೆ, ಯಂತ್ರ ಏನು ಮಾಡ್ತು ಅಂತ ನಾನು ಬರೀಲಿ? ಇಷ್ಟು ಮಳೆ ವ್ಯರ್ಥವಾಗಿದ್ದು ಅದಕ್ಕೇ."

ಅತ್ತೆಮ್ಮ ಕುಂಡಗಳ ಸಾಲನ್ನು ತುದಿಯಿಂದ ತುದಿಗೆ ನೋಡಿದರು. ಅವರ ದನಿ ಇಳಿಯಿತು. ಆ ರಸ್ತೆಯಲ್ಲಿ ಇದು ಅಪರೂಪದ ಘಟನೆ.

"ಅಂದ್ರೆ ನನ್ನ ಕೈಯಾರೆ ನಾನೇ ಅವನನ್ನ..."

"ಗೊತ್ತಿಲ್ದೆ ಮಾಡಿದ್ರಿ. ಇವತ್ತೊಂದು ಮಳೆ ಬಾಕಿ ಇದೆ. ರಸ್ತೆ ಇವತ್ತು ಗಮಗಮ ಅಂತಿದೆ. ಯಾರೂ ಅದರ ತಂಟೆಗೆ ಹೋಗದೆ ಇದ್ರೆ ಸಾಕು. ಪಾಸೋ ಫೇಲೋ ಅದು ಯಂತ್ರದ ಹಣೆಬರಹ. ಪರೀಕ್ಷೆ ಮಾತ್ರ ನಿಜವಾಗಿ ಆಗ್ಬೇಕು, ಅಷ್ಟೇ ನನಗೆ ಬೇಕಾಗಿರೋದು." ಅಕ್ಕ ಏಳಹೋದವಳು ನಿಂತಳು. ಒಂದು ಎಳೆ ಇನ್ನೂ ಬಿಚ್ಚಿರಲಿಲ್ಲ. "ಅದಿರ್ಲಿ ಅಮ್ಮಾ. ಹೋದ ಸಲ ಮಳೆ ಬಂದಾಗ ಬೆಳಗ್ಗೆ ರಣಬಿಸಿಲಿತ್ತು. ನನಗೂ ನನ್ನ ಮೈದುನನಿಗೂ ಬಿಟ್ರೆ ಮಳೆ ಬರತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಅತ್ತೆಮ್ಮ ಅವಳನ್ನೇ ಮಿಕಿಮಿಕಿ ನೋಡಿದರು.

"ಒಳ್ಳೇ ಚೆನ್ನಾಗಿದೆ. ನೀನೇ ಫೋನ್ ಮಾಡಿ ಹೇಳಿ, ಈಗ ನೀನೇ ಕೇಳ್ತೀಯಲ್ಲ!"

"ನಾನಾ?"

"ಇನ್ಯಾರು? 'ಅಮ್ಮಾ, ನಾನು ಜರಡಿಯಕ್ಕ, ಮಳೆ ಬರ್ತಿದೆ, ಸ್ವಲ್ಪ ಗುಡಿಸಿಬಿಡಿ, ನಿಮ್ಮ ಅಳಿಯಂದ್ರಿಗೆ ಒಳ್ಳೇದಾಗತ್ತೆ. ಎದುರಿಗೆ ಸಿಕ್ಕಾಗ ಈ ಮಾತು ಎತ್ತಬೇಡಿ, ನಾನೂ ಎತ್ತಲ್ಲ.' ನೀನು ಹೇಳಿದ್ದೀಯ ಅಂತ ತಾನೇ ನಾನು ತುಟಿ ಹೊಲ್ಕೊಂಡು ಕೂತಿದ್ದು? ಇಷ್ಟು ಹೊತ್ತು ನೀನು ನನ್ನನ್ನ ಪರೀಕ್ಷೆ ಮಾಡ್ತಿದ್ದೀಯ ಅಂದ್ಕೊಂಡೆ."

ಅಂಗಳದಲ್ಲಿ ಗಾಳಿ ತಣ್ಣಗಾಯಿತು. ಪರೀಕ್ಷೆ ಮಾಡುವವಳೇ ಯಂತ್ರದವರ ಮನೆಗೆ ಫೋನ್ ಮಾಡಿ ಹೀಗೆ ಮಾಡಿ ಎಂದಳಂತೆ. ಈ ಮಾತು ಹೊರಗೆ ಹೋದರೆ ಇವತ್ತಿನ ಮಳೆಯಲ್ಲ, ಇಡೀ ವರ್ಷದ ಮಳೆ ಸುರಿದರೂ ಆ ಯಂತ್ರದ ಮೇಲೆ ಯಾರೂ ನಂಬಿಕೆ ಇಡುವುದಿಲ್ಲ.

"ಇವತ್ತು ಫೋನ್ ಬಂತಾ?"

"ಇನ್ನೂ ಇಲ್ಲ. ಅದಕ್ಕೇ ಪೊರಕೆ ಮುಟ್ಟಿಲ್ಲ." ಅತ್ತೆಮ್ಮ ಅವಳ ತೋಳು ಜಗ್ಗಿದರು. "ಅದು ಬಿಡು. ನಾನು ತಂದಿದ್ದನ್ನೆಲ್ಲ ವಾಪಸ್ ರಸ್ತೆಗೇ ಹಾಕಿಬಿಟ್ರೆ ಸರಿಹೋಗತ್ತಾ? ಹೇಳು, ಸರಿಹೋಗತ್ತಾ?"

ಅಷ್ಟರಲ್ಲಿ ಕಿಟಕಿಯ ಮೇಲಿಟ್ಟಿದ್ದ ಅತ್ತೆಮ್ಮನ ಮೊಬೈಲು ಕುಣಿಯತೊಡಗಿತು.

ಜರಡಿಯಕ್ಕ ಹದ್ದಿನ ಹಾಗೆ ಎರಗಿ ಅದನ್ನು ಎತ್ತಿಕೊಂಡಳು. ಒಂದು ಕಿವಿ ಮುಚ್ಚಿ, ಲೇತಿನ ಸದ್ದಿಗೆ ಬೆನ್ನು ಮಾಡಿ, ದನಿಯನ್ನು ಅತ್ತೆಮ್ಮನಷ್ಟು ಒರಟು ಮಾಡಿ "ಹಲೋ" ಎಂದಳು.

"ಅಮ್ಮಾ, ನಾನು ಜರಡಿಯಕ್ಕ."

ಹೆಂಗಸಿನ ದನಿ. ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡಂತೆ ಮಂಕು. ಆದರೆ ಮಾತಿನ ಏರಿಳಿತ, 'ಅಮ್ಮಾ' ಎಂದು ಎಳೆಯುವ ರೀತಿ ಎಲ್ಲ ಅವಳದೇ. ತನ್ನ ದನಿಯನ್ನು ತಾನೇ ಕೇಳಿದಂತಿತ್ತು.

"ಹೇಳಮ್ಮಾ. ಗುಡಿಸ್ಲಾ?"

"ಬೇಡ. ಇವತ್ತು ಗುಡಿಸೋದು ಬೇಡ. ಕುಂಡದಲ್ಲಿ ತುಂಬಿಟ್ಟಿದ್ದೀರಲ್ಲ, ಅದನ್ನೆಲ್ಲ ತಗೊಂಡು ಹೋಗಿ ಮೋರಿ ಜಾಲರಿಗೇ ಸುರಿದುಬಿಡಿ. ಮಳೆ ಹನಿಯೋಕೆ ಮುಂಚೆ."

"ಯಾಕಮ್ಮಾ, ಇವತ್ತು ಮಾತ್ರ ಹೀಗೆ?"

"ಅಳಿಯ ಉದ್ಧಾರ ಆಗ್ಬೇಕೋ ಬೇಡ್ವೋ? ಬೇಗ ಹೋಗಿ."

ಜರಡಿಯಕ್ಕನ ತಲೆಯೊಳಗೆ ಎಲ್ಲ ಸರಕ್ಕನೆ ಜೋಡಿಕೊಂಡಿತು. ಗುಡಿಸಿದರೆ ಮಳೆ ವ್ಯರ್ಥ, ಅಷ್ಟೇ. ಆದರೆ ಯಂತ್ರದವರ ಮನೆಯವರೇ ಕೈಯಾರೆ ಮಣ್ಣು ಸುರಿದರೆ ಅದು ಮೋಸ. ನೋಡಲು ಯಾರಾದರೂ ಅಲ್ಲಿ ಇರಲೇಬೇಕು. ಇಲ್ಲವಾದರೆ ಇಂಥ ಫೋನಿಗೆ ಅರ್ಥವೇ ಇಲ್ಲ.

"ಅಮ್ಮಾ, ಆ ಮಣ್ಣು ಮಾತ್ರ ಮುಟ್ಟ..." ಎನ್ನುತ್ತಾ ತಿರುಗಿದಳು.

ಅಂಗಳ ಖಾಲಿ. ಗೇಟು ಓಲಾಡುತ್ತಿತ್ತು. ಕುಂಡಗಳ ಸಾಲಿನ ಕೊನೆಯಲ್ಲಿದ್ದ ತಗಡಿನ ಬುಟ್ಟಿ ಇರಲಿಲ್ಲ.

ಕೇಳಿದ ಪ್ರಶ್ನೆಗೆ ಉತ್ತರ ಬರಲಿ ಎಂದು ಕಾಯುವ ಜಾಯಮಾನ ಅತ್ತೆಮ್ಮನದಲ್ಲ.

ಜರಡಿಯಕ್ಕ ಓಡಿದಳು. ಮೊಬೈಲು ಕೈಯಲ್ಲೇ ಇತ್ತು. ಇಳಿಜಾರಿನಲ್ಲಿ ಬೂಟು ಪಟಪಟ ಬಡಿಯಿತು. ಮುಂದೆ, ಬಹಳ ಮುಂದೆ, ಅತ್ತೆಮ್ಮ ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ವಯಸ್ಸಿಗೆ ಮೀರಿದ ವೇಗದಲ್ಲಿ ಸಾಗುತ್ತಿದ್ದರು. ಪ್ರಾಯಶ್ಚಿತ್ತಕ್ಕೆ ಹೊರಟ ಮನುಷ್ಯರ ಕಾಲಿಗೆ ಎಲ್ಲಿಂದಲೋ ಶಕ್ತಿ ಬರುತ್ತದೆ.

"ಹಿಡಿಯೋ ಅವರನ್ನ!" ಅಕ್ಕ ಕೂಗಿದಳು.

ಜಾಲರಿಯ ಪಕ್ಕದ ಪೆಟ್ಟಿಗೆಯೊಳಗೆ ತಲೆ ತೂರಿಸಿ ಬ್ಯಾಟರಿ ಸಿಕ್ಕಿಸುತ್ತಿದ್ದ ಮೈದುನ ಬೆಚ್ಚಿ ಎದ್ದ. ಮುಚ್ಚಳಕ್ಕೆ ತಲೆ ಹೊಡೆದುಕೊಂಡು ಹಾಗೇ ಕೂತುಬಿಟ್ಟ. "ಪೊರಕೆ ಹಿಡಿದೋರನ್ನ ನೋಡ್ಕೋ ಅಂದ್ರಿ ಅತ್ತಿಗೆ!" ಎಂದು ನೋವಿನಲ್ಲಿ ನರಳಿದ. "ಇವರ ಹತ್ರ ಬುಟ್ಟಿ ಇದೆ!"

ಅತ್ತೆಮ್ಮ ಜಾಲರಿ ತಲುಪಿದರು. ಬುಟ್ಟಿ ಎತ್ತಿದರು. ಬುಟ್ಟಿ ವಾಲಿತು.

ಜರಡಿಯಕ್ಕ ಕೊನೆಯ ಹೆಜ್ಜೆಯನ್ನು ಹಾರಿಯೇ ದಾಟಿ ಬುಟ್ಟಿಯ ಇನ್ನೊಂದು ಕಿವಿ ಹಿಡಿದಳು.

"ಬಿಡು ಕಣಮ್ಮಾ, ನಾನು ಮಾಡಿದ್ದನ್ನ ನಾನೇ ಸರಿ ಮಾಡ್ತೀನಿ!"

"ಬೇಡಮ್ಮಾ! ಒಂದು ಕಾಳು ಬಿದ್ರೂ ಎಲ್ಲ ಮುಗೀತು! ಬಿಡಿ!"

"ಗಲೀಜು ಬೇಕು ಅಂದ್ಯಲ್ಲ!"

"ರಸ್ತೆ ತಾನಾಗಿ ಮಾಡ್ಕೊಂಡ ಗಲೀಜು ಬೇಕು, ನಾವು ಬಡಿಸಿದ್ದಲ್ಲ!"

ಇಬ್ಬರೂ ಬುಟ್ಟಿ ಜಗ್ಗಾಡುತ್ತಾ ಜಾಲರಿಯ ಮೇಲೆ ಅರ್ಧ ಸುತ್ತು ತಿರುಗಿದರು. ಬುಟ್ಟಿ ನೆಟ್ಟಗಾಯಿತು. ಒಂದು ಕಾಳೂ ಬಿದ್ದಿರಲಿಲ್ಲ. ಅಕ್ಕ ಉಸಿರು ಬಿಟ್ಟಳು.

"ಹಾಂ, ಹಾಗೇ ಇರಿ ಮೇಡಂ."

ಟೀ ಅಂಗಡಿಯ ಕಡೆಯಿಂದ ಕೂಲಿಂಗ್ ಗ್ಲಾಸ್ ನಡೆದು ಬಂದ. ಮೊಬೈಲನ್ನು ಮುಖದ ಮುಂದೆ ಎತ್ತಿ ಹಿಡಿದಿದ್ದ. ಮೊದಲ ಸಲ ಅವನು ಕನ್ನಡಕವನ್ನು ಹಣೆಯ ಮೇಲೆ ಏರಿಸಿದ್ದ.

"ಇಬ್ರೂ ಸ್ವಲ್ಪ ಈ ಕಡೆ ನೋಡಿ. ನಗು ಮುಖ ಇರ್ಲಿ."

ಕ್ಲಿಕ್ ಎಂದಿತು.

ಆ ಚಿತ್ರದಲ್ಲಿ ಏನು ಕಾಣುತ್ತದೆ ಎಂದು ಜರಡಿಯಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಯಂತ್ರದವರ ಅತ್ತೆ ಒಂದು ಕಡೆ, ಯಂತ್ರ ಪರೀಕ್ಷಿಸುವವಳು ಇನ್ನೊಂದು ಕಡೆ, ನಡುವೆ ಮೋರಿಯ ಬಾಯಿಯ ಮೇಲೆ ಒಂದು ಬುಟ್ಟಿ ಮಣ್ಣು. ಸುರಿಯುತ್ತಿದ್ದಾರೋ ತಡೆಯುತ್ತಿದ್ದಾರೋ, ಫೋಟೋ ಬಾಯಿ ಬಿಟ್ಟು ಹೇಳುವುದಿಲ್ಲ. ಫೋನಿನವಳು ಸುರಿಯಲು ಹೇಳಿದ್ದು ಇವನ ಈ ಕ್ಲಿಕ್ಕಿಗೇ.

"ಯಾರಯ್ಯಾ ನೀನು, ಕೇಳದೆ ಫೋಟೋ ತೆಗೆಯೋನು?" ಅತ್ತೆಮ್ಮ ಗುಡುಗಿದರು.

ಅವರ ಹಿಂದೆಯೇ ಆಕಾಶವೂ ಗುಡುಗಿತು. ದಪ್ಪ ಹನಿಯೊಂದು ಬುಟ್ಟಿಯ ಅಂಚಿಗೆ ಟಣ್ಣೆಂದು ಬಿತ್ತು. ಇನ್ನೊಂದು. ನೋಡನೋಡುತ್ತಿದ್ದಂತೆ ಮಳೆ ಇಳಿಜಾರಿನ ಮೇಲಿಂದ ಕೆಳಕ್ಕೆ ಓಡಿಬಂತು. ಯಾರೂ ಗುಡಿಸದ, ಯಾರೂ ಸುರಿಯದ, ರಸ್ತೆಯ ಸ್ವಂತ ಕಪ್ಪು ನೀರು ಜಾಲರಿಯೊಳಗೆ ಧುಮುಕತೊಡಗಿತು. ಪೆಟ್ಟಿಗೆಯೊಳಗಿನ ಪಂಪು ಗುಂಯ್ ಎಂದಿತು. ಪಂಪ್ ಯಜಮಾನರು ಕಾದಿದ್ದ ಒಂದೇ ಒಂದು ಒಳ್ಳೆಯ ಮಳೆ, ಮೊದಲ ಬಾಟಲಿಗೆ ಬೀಳುತ್ತಿತ್ತು.

"ಅತ್ತಿಗೆ, ಸ್ಟಾರ್ಟಾಯ್ತು!" ಮೈದುನ ತಲೆ ಉಜ್ಜಿಕೊಳ್ಳುತ್ತಾ ಕುಣಿದ. "ನೀರು ಎಷ್ಟು ಕಪ್ಪಗಿದೆ ನೋಡಿ!"

ಜರಡಿಯಕ್ಕ ನೋಡಲಿಲ್ಲ. ಕೈಯಲ್ಲಿದ್ದ ಮೊಬೈಲಿನಲ್ಲಿ ಯಾರೋ ನಗುತ್ತಿದ್ದರು. ಓಡುವ ಗಡಿಬಿಡಿಯಲ್ಲಿ ಅವಳು ಫೋನ್ ಕತ್ತರಿಸಿರಲೇ ಇಲ್ಲ. ಆ ಕಡೆಯವರೂ ಕತ್ತರಿಸಿರಲಿಲ್ಲ.

ಅವಳು ಅದನ್ನು ಕಿವಿಗೆ ಒತ್ತಿ ಹಿಡಿದಳು. ಈ ಸಲ ದನಿಗೆ ಬಟ್ಟೆ ಅಡ್ಡ ಇರಲಿಲ್ಲ.

"ಬೊಂಬೇ," ಎಂದಿತು ಆ ದನಿ, ಅಕ್ಕರೆಯಿಂದ. "ಇಷ್ಟು ವಯಸ್ಸಾದ್ರೂ ಓಡೋದು ಬಿಟ್ಟಿಲ್ವಲ್ಲೇ ನೀನು."

ಜರಡಿಯಕ್ಕನನ್ನು ಬೊಂಬೆ ಎಂದು ಕರೆಯುತ್ತಿದ್ದವರು ಒಬ್ಬರೇ ಒಬ್ಬರು. ಅವಳ ಸೋದರತ್ತೆ. ಮೊದಲ ಜರಡಿಯನ್ನು ಅವಳ ಕೈಗೆ ಕೊಟ್ಟು, ಹಿಡಿಯುವುದು ಹೇಗೆಂದು, ಮೋಡ ಓದುವುದು ಹೇಗೆಂದು ಕಲಿಸಿದವರು.